ಓಡದಿರಬೇಕಾಗಿದ್ದ ಗಾಡಿ

ಎಲ್ಲಕ್ಕೂ ಕಾರಣ ಒಂದು ಸ್ಕ್ರೂ. ಅಕ್ಕಿಕಾಳಿಗಿಂತ ತುಸು ದೊಡ್ಡದು, ಅಷ್ಟೆ. ಭಾನುವಾರ ಬೆಳಿಗ್ಗೆ ಆರೂವರೆಗೆ ಅದು ಲಿಫ್ಟಪ್ಪನ ಬೆರಳಿಂದ ಜಾರಿ, ನೆಲದ ಮೇಲೆ ಎರಡು ಸಲ ಕುಪ್ಪಳಿಸಿ, ಬಾಗಿಲ ಕೆಳಗಿನ ಸಂದಿಯಿಂದ ಹೊರಗಿನ ಮೊಗಸಾಲೆಗೆ ಉರುಳಿಹೋಯಿತು. ಹೋಗಲಿ ಬಿಡು ಎಂದು ಅವನು ಸುಮ್ಮನಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಮೂರು ವರ್ಷ ಒಂದೇ ಗಾಡಿ ಕಟ್ಟಿದ ಮನುಷ್ಯನಿಗೆ ಒಂದು ಸ್ಕ್ರೂ ಎಂದರೆ ಕೈಬೆರಳಿನ ಉಗುರಿದ್ದಂತೆ. ಬಾಗಿಲು ತೆರೆದ.

ಹೊರಗೆ ಕಾರ್ಯದರ್ಶಿ ನಿಂತಿದ್ದರು. ನಾಲ್ಕು ಮಹಡಿಯ ಆ ಕಟ್ಟಡದ ನಿವಾಸಿಗಳ ಸಂಘಕ್ಕೆ ಅವರು ಕಾರ್ಯದರ್ಶಿ. ಬೇರೆ ಯಾರೂ ಆ ಕೆಲಸಕ್ಕೆ ಒಪ್ಪದ ಕಾರಣ ಒಂಬತ್ತು ವರ್ಷದಿಂದ ಅವರೇ ಕಾರ್ಯದರ್ಶಿ. ದಿನಾ ಬೆಳಿಗ್ಗೆ ಎಲ್ಲ ಮಹಡಿಗಳ ಮೊಗಸಾಲೆಯಲ್ಲೂ ವಾಯುವಿಹಾರ ಮಾಡಿ, ಯಾರ ಮನೆಯ ಮುಂದೆ ಎಷ್ಟು ಚಪ್ಪಲಿ ಇವೆ ಎಂದು ನೋಡಿಕೊಂಡು ಹೋಗುವುದು ಅವರ ರೂಢಿ. ಸ್ಕ್ರೂ ಅವರ ಎರಡು ಬೆರಳ ನಡುವೆ ಇತ್ತು.

"ಇದು ನಿಮ್ದೇನ್ರೀ ಲಿಫ್ಟಪ್ಪ?" ಎಂದು ಕೇಳುತ್ತಲೇ ಅವರ ಕತ್ತು ಬಾಗಿಲ ಒಳಗೆ ಚಾಚಿಕೊಂಡಿತು. ಆಮೇಲೆ ಕತ್ತಿನ ಹಿಂದೆ ಉಳಿದ ದೇಹವೂ ಬಂತು. "ಅಯ್ಯೋ! ಮುಗ್ದೇ ಹೋಗಿದೆಯಲ್ರೀ!"

ರೂಮಿನ ನಡುವೆ, ಹಳೆಯ ಕಂಬಳಿಯ ಮೇಲೆ, ಗಾಡಿ ನಿಂತಿತ್ತು. ರಿಮೋಟಿನಿಂದ ಓಡುವ ಗಾಡಿ ಎಂದರೆ ಯಾರೂ ಅಂಗೈಯಗಲದ ಆಟಿಕೆ ಎಂದುಕೊಳ್ಳಬಾರದು. ಒಂದೂಕಾಲು ಮೀಟರ್ ಉದ್ದ, ಮೊಣಕಾಲೆತ್ತರ, ಇಬ್ಬರು ಸೇರಿದರಷ್ಟೇ ಎತ್ತಲು ಬರುವಷ್ಟು ಭಾರ. ಕಲ್ಲು, ಮಣ್ಣು, ದಿಣ್ಣೆ ಯಾವುದನ್ನೂ ಲೆಕ್ಕಿಸದೆ ನಾಲ್ಕು ಚಕ್ರದಲ್ಲೂ ಎಳೆದುಕೊಂಡು ಹೋಗುವಂತೆ ಮಾಡಿದ್ದು. ಕಳಚಿ ಬಿಸಾಡಿದ ಲಿಫ್ಟಿನ ಕಬ್ಬಿಣವನ್ನು ಕೊಯ್ದು ಅದರ ಚೌಕಟ್ಟು ಮಾಡಿದ್ದ. ಸಾಮಾನು ಸಾಗಿಸುವ ತಳ್ಳುಗಾಡಿಯಿಂದ ಚಕ್ರ ತಂದು, ಬಿಸಿ ಚಾಕುವಿನಿಂದ ಒಂದೊಂದೇ ಕಚ್ಚು ಕೊರೆದಿದ್ದ. ಒಳಗಿನ ಗೇರುಗಳ ಹಲ್ಲುಗಳನ್ನು ಸಹ ಅರದಿಂದ ತಾನೇ ಉಜ್ಜಿದ್ದ.

"ಇಲ್ಲ ಇಲ್ಲ, ಇನ್ನೂ ಸ್ವಲ್ಪ ಕೆಲ್ಸ ಇದೆ" ಎಂದ ಲಿಫ್ಟಪ್ಪ.

"ಏನು ಕೆಲ್ಸ?"

"ಇದೇ... ಈ ಸ್ಕ್ರೂ."

ಬಾಯಿಂದ ಬಂದ ಮಾತನ್ನು ಹಿಂದಕ್ಕೆ ನುಂಗಲು ಬರುವಂತಿದ್ದರೆ ಅವನು ಆಗಲೇ ನುಂಗುತ್ತಿದ್ದ. ಕಾರ್ಯದರ್ಶಿ ಸ್ಕ್ರೂವನ್ನು ಅವನ ಅಂಗೈಯಲ್ಲಿಟ್ಟು, ಬೆರಳು ಮಡಚಿಸಿ, "ಹಾಗಾದ್ರೆ ಇವತ್ತೇ ನಾಲ್ಕು ಗಂಟೆಗೆ ಹಿಂದಿನ ಮೈದಾನದಲ್ಲಿ ಓಡಿಸೋಣ. ನೀವೇನೂ ತಲೆ ಕೆಡಿಸ್ಕೋಬೇಡಿ. ಏರ್ಪಾಡೆಲ್ಲ ನಂದು" ಎಂದು ಹೊರಟೇಬಿಟ್ಟರು.

ಲಿಫ್ಟಪ್ಪ ಸ್ಟೂಲಿನ ಮೇಲೆ ಕುಸಿದು ಕೂತ.

ಅವನ ಸಂಕಟ ಏನೆಂದರೆ, ಗಾಡಿ ಮುಗಿದು ಎಂಟು ತಿಂಗಳಾಗಿತ್ತು. ಅದು ಅವನಿಗೊಬ್ಬನಿಗೇ ಗೊತ್ತಿತ್ತು.

ಅವನು ಒಂದು ದೊಡ್ಡ ಆಫೀಸು ಕಟ್ಟಡದಲ್ಲಿ ಲಿಫ್ಟ್ ಮೆಕ್ಯಾನಿಕ್. ಹನ್ನೆರಡು ಮಹಡಿ, ಆರು ಲಿಫ್ಟು. ನಡುವೆ ಸಿಕ್ಕಿಕೊಂಡವರು ಒಳಗಿಂದ ಬೈಯುತ್ತಾರೆ, ಬಿಡಿಸಿದ ಮೇಲೆ ಹೊರಗೆ ಬಂದು ಬೈಯುತ್ತಾರೆ. ಮನೆಗೆ ಬಂದರೆ ಅಕ್ಕಪಕ್ಕದವರು ಇಸ್ತ್ರಿಪೆಟ್ಟಿಗೆ, ಫ್ಯಾನು, ಹಾಡು ನಿಲ್ಲಿಸದ ರೇಡಿಯೋ ಹಿಡಿದು ಕಾದಿರುತ್ತಾರೆ. ಪ್ರಪಂಚದಲ್ಲಿ ಯಾರೂ ಅವನನ್ನು ಏನೂ ಕೇಳದ ಜಾಗ ಈ ರೂಮು ಒಂದೇ. "ಅವರು ಗಾಡಿ ಕೆಲಸದಲ್ಲಿದಾರೆ" ಎಂದು ಹೆಂಡತಿ ಹೇಳಿಬಿಟ್ಟರೆ ಬಂದವರು ಬಂದ ಹಾಗೇ ಹಿಂದಿರುಗುತ್ತಿದ್ದರು. ದಿನಾ ಸಂಜೆ ಎರಡು ಗಂಟೆ. ಎಂಟು ತಿಂಗಳಿಂದ ಆ ಎರಡು ಗಂಟೆ ಅವನು ಮಾಡುತ್ತಿದ್ದುದು ಇಷ್ಟೇ: ಮುಂದಿನ ಗೇರುಪೆಟ್ಟಿಗೆಯ ಹನ್ನೆರಡು ಸ್ಕ್ರೂ ಬಿಚ್ಚುವುದು, ಸುಮ್ಮನೆ ಕೂರುವುದು, ಮತ್ತೆ ಹನ್ನೆರಡು ಸ್ಕ್ರೂ ಹಾಕುವುದು.

ಮುಗಿಯಿತು ಎಂದು ಹೇಳುವ ಹಾಗಿರಲಿಲ್ಲ. ಯಾಕೆಂದರೆ ಮೂರು ವರ್ಷದ ಹಿಂದೆ ಹೆಂಡತಿಯ ಜೊತೆ ಒಂದು ಒಪ್ಪಂದ ಆಗಿತ್ತು. "ಆ ಗಾಡಿ ಓಡೋ ತನಕ ರೂಮು ನಿಮ್ದು. ಓಡಿದ ದಿನ ನಮ್ಮಣ್ಣಂಗೆ" ಎಂದಿದ್ದಳು. ಅಣ್ಣ ಎದುರಿಗೇ ಕೂತಿದ್ದ. ಕೈಕುಲುಕಿ ಸಾಕ್ಷಿಯಾದ.

ಈ ಭಾವ ಒಂಟಿ ಮನುಷ್ಯ. ಕಾರ್ಖಾನೆಯೊಂದರಲ್ಲಿ ಮೂವತ್ತೊಂದು ವರ್ಷ ಟೈಮ್‌ಕೀಪರ್ ಆಗಿದ್ದವನು. ಯಾವ ಕೆಲಸಗಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಂಡ ಎಂದು ಬರೆಯುವುದೇ ಅವನ ಜೀವನ. ನಿವೃತ್ತಿಯಾದಾಗ ಕುರ್ಚಿ ಬಿಟ್ಟ, ಸ್ಟಾಪ್‌ವಾಚ್ ಬಿಡಲಿಲ್ಲ. ಒಮ್ಮೆ ಎರಡು ದಿನಕ್ಕೆಂದು ಬಂದಿದ್ದಾಗ ಲಿಫ್ಟಪ್ಪ ಸ್ನಾನ ಮುಗಿಸಿ ಹೊರಗೆ ಬರುತ್ತಲೇ, "ಹದಿನಾಲ್ಕು ನಿಮಿಷ. ಅಷ್ಟೊತ್ತಲ್ಲಿ ನಮ್ಮಲ್ಲಿ ಒಂದು ಪಾಳಿಯೇ ಕೈಕಾಲು ತೊಳ್ಕೊಂಡು ಹೊರಡ್ತಿತ್ತು" ಎಂದಿದ್ದ. ಅಂಥವನು ಇನ್ನು ಕೊನೆಯವರೆಗೂ ಇದೇ ಮನೆಯಲ್ಲಿ ಎಂದು ನೆನೆದರೆ ಲಿಫ್ಟಪ್ಪನಿಗೆ ಎದೆಯಲ್ಲಿ ಗಡಿಯಾರ ಹೊಡೆದುಕೊಳ್ಳುತ್ತಿತ್ತು.

ಎಂಟು ಗಂಟೆಯ ಹೊತ್ತಿಗೆ ಸುದ್ದಿ ಕಟ್ಟಡವನ್ನೆಲ್ಲ ಸುತ್ತಿ ಬಂದಿತ್ತು. ಲಿಫ್ಟಪ್ಪ ಅಡುಗೆಮನೆಗೆ ಬಂದು ನೋಡಿದರೆ ಹೆಂಡತಿ ಚಹಾ ಸೋಸುವುದನ್ನು ನಿಲ್ಲಿಸಿ ಪಾತ್ರೆಯನ್ನೇ ನೋಡುತ್ತಿದ್ದಳು.

"ಕಾರ್ಯದರ್ಶಿ ಬಂದಿದ್ರು. ನಾಲ್ಕು ಗಂಟೆಗಂತೆ?"

"ಹೂಂ."

"ನಮ್ಮಣ್ಣಂಗೂ ಅವರೇ ಫೋನ್ ಮಾಡಿದಾರೆ. ಮೂರು ಐವತ್ತೆಂಟಕ್ಕೆ ಬರ್ತಾನಂತೆ. ಪೆಟ್ಟಿಗೆ ಸಮೇತ."

"ನಿಂಗೆ ಸಂತೋಷ ತಾನೆ?"

"ಮತ್ತಿನ್ನೇನು? ಮೂರು ವರ್ಷ ಆಯ್ತು" ಎಂದು ಅವಳು ಚಹಾವನ್ನು ಲೋಟದ ಪಕ್ಕದಲ್ಲಿ ಸುರಿದಳು. ಖುಷಿಯಲ್ಲಿ ಕೈ ತಪ್ಪಿತು ಎಂದುಕೊಂಡ ಲಿಫ್ಟಪ್ಪ, ಒರೆಸುವ ಬಟ್ಟೆ ತಂದುಕೊಟ್ಟ.

ರೂಮಿಗೆ ಹೋಗಿ ಚಿಲಕ ಹಾಕಿದ. ತಲೆ ಮೇಲೆ ಕೈ ಹೊತ್ತು ಹತ್ತು ನಿಮಿಷ ಕೂತ. ಆಮೇಲೆ ಗಾಡಿಯನ್ನು ನೋಡಿದ. ಗಾಡಿಗೆ ಎರಡು ಗೇರುಪೆಟ್ಟಿಗೆ, ಮುಂದಿನ ಚಕ್ರಗಳಿಗೊಂದು, ಹಿಂದಿನ ಚಕ್ರಗಳಿಗೊಂದು. ಎರಡನ್ನೂ ಒಂದೇ ಮೋಟಾರು ತಿರುಗಿಸುತ್ತದೆ. ಪೆಟ್ಟಿಗೆಯೊಳಗಿನ ದೊಡ್ಡ ಹಲ್ಲುಚಕ್ರವನ್ನು ಎಡಬಲ ಬದಲಿಸಿ ಕೂರಿಸಿಬಿಟ್ಟರೆ ಆ ಕಡೆಯ ಚಕ್ರಗಳು ಉಲ್ಟಾ ತಿರುಗುತ್ತವೆ. ಇಂಥ ಗಾಡಿ ಕಟ್ಟುವವರೆಲ್ಲ ಜೀವನದಲ್ಲಿ ಒಂದು ಸಲವಾದರೂ ಮಾಡುವ ತಪ್ಪು ಅದು. ಮುಂದಿನ ಚಕ್ರ ಹಿಂದಕ್ಕೆ ಎಳೆಯುತ್ತದೆ, ಹಿಂದಿನ ಚಕ್ರ ಮುಂದಕ್ಕೆ ನೂಕುತ್ತದೆ, ಗಾಡಿ ನಿಂತಲ್ಲೇ ಗಡಗಡ ನಡುಗುತ್ತದೆ. ಲಿಫ್ಟಪ್ಪನೂ ಎರಡು ವರ್ಷದ ಹಿಂದೆ ಅದೇ ತಪ್ಪು ಮಾಡಿ, ಟಾರ್ಚು ಹಿಡಿದು ನಿಂತಿದ್ದ ಹೆಂಡತಿಗೆ ಅರ್ಧ ಗಂಟೆ ವಿವರಿಸಿದ್ದ. ಅವಳು ಆಕಳಿಸಿದ್ದಳು.

ಈಗ ಆ ತಪ್ಪನ್ನೇ ಬೇಕೆಂದು ಮಾಡಿದ. ಮುಂದಿನ ಪೆಟ್ಟಿಗೆಯ ಹನ್ನೆರಡು ಸ್ಕ್ರೂ ಬಿಚ್ಚಿ, ಹಲ್ಲುಚಕ್ರ ಬದಲಿಸಿ, ಮುಚ್ಚಿದ. ಎಂಟು ತಿಂಗಳ ಅಭ್ಯಾಸ, ಕಣ್ಣು ಮುಚ್ಚಿಕೊಂಡೇ ಮಾಡಬಹುದಿತ್ತು. ತಾನು ಕಟ್ಟಿದ್ದನ್ನು ತಾನೇ ಕೆಡಿಸುವಾಗ ಒಂದು ಥರ ಸಂಕಟವೂ ಆಯಿತು. ನಾಲ್ಕಕ್ಕೆ ನಡುಗಲಿ, ಜನ ನಗಲಿ, ಭಾವ ಪೆಟ್ಟಿಗೆ ಎತ್ತಿಕೊಂಡು ಹಿಂದಿರುಗಲಿ. ಇನ್ನೂ ಆರು ತಿಂಗಳು ರೂಮು ತನ್ನದು.

ಹೊರಗೆ ಬಂದರೆ ಹೆಂಡತಿ ಚೀಲ ಹಿಡಿದು ನಿಂತಿದ್ದಳು. "ರಿಮೋಟಿಗೆ ಹೊಸ ಬ್ಯಾಟರಿ ತನ್ನಿ. ಇಲ್ಲಿ ಮೂಲೆ ಅಂಗಡೀದು ಬೇಡ, ಎರಡೇ ದಿನಕ್ಕೆ ಸತ್ತೋಗತ್ತೆ. ಬಸ್ ನಿಲ್ದಾಣದ ಆಚೆ ಅಂಗಡಿಗೆ ಹೋಗಿ."

"ಅಷ್ಟು ದೂರ ಯಾಕೆ? ಹಳೇದೇ ಸಾಕು."

"ಊರೆಲ್ಲ ನೋಡೋಕೆ ಬರತ್ತೆ. ಬ್ಯಾಟರಿ ಇಲ್ದೆ ನಿಂತ್ರೆ ನಂಗೆ ಅವಮಾನ. ಹಾಗೇ ದಾರೀಲಿ ಹತ್ತು ರೀಲು ಬಿಳಿ ದಾರ ತನ್ನಿ, ಪರದೆ ಹೊಲಿಯೋದಿದೆ."

ಅವಳು ಮನೆಯಲ್ಲೇ ಕಿಟಕಿ ಪರದೆ ಹೊಲಿದುಕೊಡುವವಳು. ಅಣ್ಣನಿಗೆ ರೂಮು ಸಿಗಲಿ ಎಂದು ಎಷ್ಟು ಆತುರ ನೋಡು ಎಂದು ಮನಸ್ಸಿನಲ್ಲೇ ಗೊಣಗಿಕೊಂಡು ಲಿಫ್ಟಪ್ಪ ಬಿಸಿಲಲ್ಲಿ ನಡೆದ. ಹೋಗಿ ಬರಲು ಒಂದೂವರೆ ಗಂಟೆ ಹಿಡಿಯಿತು. ಬಂದಾಗ ಅವಳು ಹೊಲಿಗೆಯಂತ್ರದ ಮುಂದೆ ಕೂತಿದ್ದಳು. ಹೆಬ್ಬೆರಳಿಗೆ ಕಪ್ಪಗೆ ಎಣ್ಣೆ ಮೆತ್ತಿತ್ತು.

"ಮಿಷನ್ನಿಗೆ ಎಣ್ಣೆ ಬಿಟ್ಟೆ" ಎಂದಳು, ಅವನು ಕೇಳದಿದ್ದರೂ.

ಮಧ್ಯಾಹ್ನ ಮೂರು ಗಂಟೆಗೆ ಡಿಪೋ ಮೇಸ್ತ್ರಿ ಬಂದರು. ಬಸ್ ಡಿಪೋದಲ್ಲಿ ಎಂಜಿನ್ ಬಿಚ್ಚಿಯೇ ಕೂದಲು ಹಣ್ಣಾದವರು. ಯಾವ ಯಂತ್ರ ಕಂಡರೂ ಮೂಗು ಅದರೊಳಗೆ ಇಳಿಯಬೇಕು.

"ಸ್ಟೂಲ್ ಮೇಲೆ ಎತ್ತಿಡ್ರಿ, ಚಕ್ರ ತಿರುಗುತ್ತಾ ನೋಡೋಣ."

"ಬೇಡ ಮೇಸ್ತ್ರೀ!" ಲಿಫ್ಟಪ್ಪನ ದನಿ ಕೀರಲಾಯಿತು. ಎತ್ತಿಟ್ಟರೆ ಮುಂದಿನದು ಒಂದು ಕಡೆ, ಹಿಂದಿನದು ಒಂದು ಕಡೆ ತಿರುಗಿ ಗುಟ್ಟು ರಟ್ಟಾಗುತ್ತದೆ.

"ಬೇಡವೇ ಬೇಡ!" ಎಂದು ಹೊಲಿಗೆಯಂತ್ರದ ಹಿಂದಿನಿಂದ ಹೆಂಡತಿಯೂ ಕೂಗಿದಳು. "ಮೊದಲ ಸಲ ಓಡೋದು ಎಲ್ಲರ ಮುಂದೇನೇ ಆಗ್ಲಿ."

ಬದುಕಿದೆ ಎಂದುಕೊಂಡ ಲಿಫ್ಟಪ್ಪ, ಹೆಂಡತಿಯ ಕಡೆ ಕೃತಜ್ಞತೆಯಿಂದ ನೋಡಿದ. ಅವಳು ದಾರ ಕಚ್ಚಿ ಹರಿದಳು.

ಗಾಡಿಯನ್ನು ನಾಲ್ಕನೇ ಮಹಡಿಯಿಂದ ಇಳಿಸುವುದು ಬೇರೆಯೇ ಪ್ರಕರಣ. ಆ ಕಟ್ಟಡದಲ್ಲಿ ಲಿಫ್ಟು ಇರಲಿಲ್ಲ. ಆರು ಲಿಫ್ಟು ನೋಡಿಕೊಳ್ಳುವವನು ದಿನಾ ಎಂಬತ್ತೆರಡು ಮೆಟ್ಟಿಲು ಹತ್ತುತ್ತಾನೆ ಎಂದು ಕಟ್ಟಡದವರು ಆಡಿಕೊಂಡು ನಕ್ಕು ನಕ್ಕು, ಈಗ ಆ ನಗುವೂ ಸವೆದುಹೋಗಿತ್ತು. ಮುಂದೆ ಇಬ್ಬರು, ಹಿಂದೆ ಇಬ್ಬರು ಹಿಡಿದರು. ಪ್ರತಿ ತಿರುವಿನಲ್ಲೂ ಮೇಸ್ತ್ರಿ "ನನ್ನ ಕಡೆ ವಾಲಿಸಿ" ಎಂದರೆ ಕಾರ್ಯದರ್ಶಿ "ನನ್ನ ಕಡೆ" ಎನ್ನುತ್ತಿದ್ದರು. ಕಾರ್ಯದರ್ಶಿ ಹಿಡಿದಿದ್ದುದು ಬರೀ ರಿಮೋಟು.

ಕೆಳಗಿನ ಮನೆಯ ದೊಡ್ಡ ಟೀಚರು ಬಾಗಿಲಲ್ಲೇ ಕಾಯುತ್ತಿದ್ದರು. ಗಾಡಿಯ ಮೋಟಾರು, ತೀರಿಹೋದ ಅವರ ಯಜಮಾನರ ಗಾಲಿಕುರ್ಚಿಯದು. "ನಿಧಾನ! ಅವರಿಗೆ ಕುಲುಕಿದ್ರೆ ಆಗ್ತಿರ್ಲಿಲ್ಲ" ಎಂದು ಅವರು ಜೊತೆಗೇ ನಡೆದುಬಂದರು.

ಮೂರು ಐವತ್ತೆಂಟಕ್ಕೆ ಭಾವ ಬಂದ. ಒಂದು ಕಬ್ಬಿಣದ ಪೆಟ್ಟಿಗೆ, ಒಂದು ಸುರುಳಿ ಹಾಸಿಗೆ, ಕೊರಳಲ್ಲಿ ಸ್ಟಾಪ್‌ವಾಚ್. "ಇಳಿಸೋಕೆ ಎಷ್ಟೊತ್ತಾಯ್ತು?" ಎಂದು ಮೊದಲ ಮಾತು ಕೇಳಿದ.

"ನೋಡ್ಲಿಲ್ಲ ಭಾವ."

"ನೋಡ್ಬೇಕಿತ್ತು" ಎಂದು ಭಾವ ಬೇಸರ ಮಾಡಿಕೊಂಡ.

ಹಿಂದಿನ ಮೈದಾನ ಎಂದರೆ ಕಟ್ಟಡ ಕಟ್ಟಿದವರು ಬಿಟ್ಟುಹೋದ ಖಾಲಿ ಜಾಗ. ಒಂದು ಕಡೆ ಮಣ್ಣಿನ ದಿಣ್ಣೆ. ಕಾರ್ಯದರ್ಶಿ ದಿಣ್ಣೆಯ ಬುಡದಲ್ಲಿ ಎರಡು ಕೋಲಿಗೆ ಕೆಂಪು ಪಟ್ಟಿ ಕಟ್ಟಿಸಿದ್ದರು. ಗಾಡಿ ಪಟ್ಟಿ ಹರಿದುಕೊಂಡು ದಿಣ್ಣೆ ಏರಬೇಕು. ಇನ್ನೊಂದು ಕಡೆ, ಗಾಡಿಯ ಬೆನ್ನಿಗೆ, ಇಪ್ಪತ್ತು ಪ್ಲಾಸ್ಟಿಕ್ ಕುರ್ಚಿ. ಅದರಾಚೆ ಪುಟ್ಟ ಮೇಜು, ಹೂದಾನಿ, ಭಾಷಣ. ಭಾಷಣ ಅವರೇ ಮಾಡಿದರು. "ನಮ್ಮ ಕಟ್ಟಡದ ಇತಿಹಾಸದಲ್ಲಿ" ಎಂದು ಶುರುವಾದದ್ದು ಚಪ್ಪಲಿ ಹೊರಗೆ ಬಿಡುವವರ ಕಡೆ ಹೊರಳಿತು.

"ಏಳು ನಿಮಿಷ" ಎಂದ ಭಾವ ಗಟ್ಟಿಯಾಗಿ. ಭಾಷಣ ಮುಗಿಯಿತು.

ಲಿಫ್ಟಪ್ಪ ರಿಮೋಟು ಹಿಡಿದು ನಿಂತ. ಎಂಟು ತಿಂಗಳಲ್ಲಿ ಅವನ ಮನಸ್ಸು ಇಷ್ಟು ನಿರಾಳವಾಗಿದ್ದಿಲ್ಲ. ನಡುಗಿದ ಮೇಲೆ ಹೇಗೆ ಮುಖ ಮಾಡಬೇಕು ಎಂಬುದನ್ನು ಸಹ ಮಧ್ಯಾಹ್ನ ಕನ್ನಡಿ ಮುಂದೆ ನೋಡಿಕೊಂಡಿದ್ದ. ಪಕ್ಕದಲ್ಲಿ ಹೆಂಡತಿ ಕೈಕಟ್ಟಿ ನಿಂತಿದ್ದಳು. ಅವಳ ಮುಖದಲ್ಲೂ ಆತಂಕ ಇರಲಿಲ್ಲ. ಪಾಪ, ಅವಳಿಗೆ ಗೊತ್ತಿಲ್ಲ ಎಂದುಕೊಂಡು ರಿಮೋಟಿನ ಗುಂಡಿಯನ್ನು ಒತ್ತಿದ.

ಗಾಡಿ ನಡುಗಲಿಲ್ಲ. ಚಂಗನೆ ಚಿಮ್ಮಿತು, ಹಿಂದಕ್ಕೆ.

ಮೊದಲ ಸಾಲಿನ ಕುರ್ಚಿಗಳು ಅತ್ತಿತ್ತ ಹಾರಿದವು. ಎರಡನೇ ಸಾಲಿನವರು ತಾವೇ ಹಾರಿದರು. ಲಿಫ್ಟಪ್ಪ ಗಾಬರಿಯಲ್ಲಿ ಗುಂಡಿಯನ್ನು ಬಿಡುವುದರ ಬದಲು ಇನ್ನೂ ಒತ್ತಿ, ರಿಮೋಟಿನ ತಿರುಗುಚಕ್ರ ತಿರುಗಿಸಿದ. ಗಾಡಿ ಬೆನ್ನು ಮುಂದು ಮಾಡಿಕೊಂಡೇ ದೊಡ್ಡ ಅರ್ಧಚಂದ್ರ ಸುತ್ತಿ, ಮೇಜಿನ ಕಾಲು ಮುರಿದು, ಹೂದಾನಿಯನ್ನು ತಲೆಯ ಮೇಲೆ ಹೊತ್ತು, ಕೆಂಪು ಪಟ್ಟಿಯನ್ನು ಹಿಂಬದಿಯಿಂದ ಹರಿದು, ದಿಣ್ಣೆಯನ್ನು ಸರ್ರನೆ ಏರಿ, ಮೇಲೆ ಹೋಗಿ ನಿಂತಿತು. ಒಂದು ಚಕ್ರವೂ ಜಾರಲಿಲ್ಲ, ಹೂದಾನಿಯೂ ಬೀಳಲಿಲ್ಲ. ಕಟ್ಟಿದವನು ಬೇರೆ ಯಾರಾದರೂ ಆಗಿದ್ದರೆ ಲಿಫ್ಟಪ್ಪ ಚಪ್ಪಾಳೆ ಹೊಡೆಯುತ್ತಿದ್ದ.

"ಹನ್ನೊಂದು ಸೆಕೆಂಡು" ಎಂದ ಭಾವ. ಅವನ ದನಿಯಲ್ಲಿ ಮೊದಲ ಸಲ ಮೆಚ್ಚುಗೆ ಇತ್ತು.

ಹೆಂಡತಿ ಕಣ್ಣುಬಾಯಿ ಬಿಟ್ಟು ದಿಣ್ಣೆಯನ್ನೇ ನೋಡುತ್ತಿದ್ದಳು.

ದೊಡ್ಡ ಟೀಚರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. "ಥೇಟ್ ನಮ್ಮ ಯಜಮಾನ್ರೇ. ಮುಂದೆ ಹೋಗಿ ಅಂದ್ರೆ ಹಿಂದೆ ಹೋಗೋರು. ಆದ್ರೆ ತಲುಪೋ ಜಾಗ ತಲುಪೋರು."

ಮೇಸ್ತ್ರಿ ದಿಣ್ಣೆ ಹತ್ತಿ, ಗಾಡಿಯ ಕೆಳಗೆ ತಲೆ ತೂರಿಸಿ, ಹೊರಗೆ ಬಂದು ತೀರ್ಪು ಕೊಟ್ಟರು. "ಎರಡೂ ಗೇರು ಉಲ್ಟಾ ಕೂತಿದೆ ಕಣ್ರೀ. ಒಂದು ಉಲ್ಟಾ ಆಗಿದ್ರೆ ಗಾಡಿ ಅಲ್ಲಾಡ್ತಾನೂ ಇರ್ಲಿಲ್ಲ. ಎರಡೂ ಉಲ್ಟಾ ಆದದ್ದಕ್ಕೆ ಓಡ್ತು."

ಲಿಫ್ಟಪ್ಪ ಲೆಕ್ಕ ಹಾಕಿದ. ಮುಂದಿನದು ತಾನು. ಹಿಂದಿನದು ಯಾರು? ಮೇಸ್ತ್ರಿಯೇ? ಮೂರು ಗಂಟೆಗೆ ಬಂದವರು ಅವನ ಕಣ್ಣೆದುರೇ ಇದ್ದರು. ಕಾರ್ಯದರ್ಶಿಗೆ ಸ್ಕ್ರೂವಿನ ಯಾವ ತುದಿ ತಿರುಗಿಸಬೇಕೆಂದೂ ಗೊತ್ತಿಲ್ಲ. ಬಾಯಿ ಬಿಟ್ಟು ಕೇಳೋಣವೆಂದರೆ ತನ್ನ ಕಳ್ಳತನವೂ ಜೊತೆಗೇ ಹೊರಬರುತ್ತದೆ.

ಕೊನೆಯ ಪ್ರಯತ್ನವೊಂದು ಉಳಿದಿತ್ತು. "ಹಿಂದಕ್ಕೆ ಓಡಿದ್ದು ಓಡಿದ ಹಾಗಲ್ಲ. ಒಪ್ಪಂದ ಲೆಕ್ಕಕ್ಕೆ ಬರಲ್ಲ. ಇನ್ನೂ ಆರು ತಿಂಗಳು ಕೆಲ್ಸ ಇದೆ" ಎಂದ.

"ನಿಜ, ನಿಜ!" ಎಂದಳು ಹೆಂಡತಿ ಥಟ್ಟನೆ. ಎಲ್ಲರೂ ತಿರುಗಿ ನೋಡಿದ್ದಕ್ಕೆ, "ಅಂದ್ರೆ, ಅವರಿಗೆ ಸಮಾಧಾನ ಆಗ್ಬೇಕಲ್ಲ ಅಂತ" ಎಂದು ತಲೆ ತಗ್ಗಿಸಿದಳು.

ಭಾವ ಸ್ಟಾಪ್‌ವಾಚನ್ನು ಎತ್ತಿ ತೋರಿಸಿದ. "ಒಪ್ಪಂದದಲ್ಲಿ ಓಡೋ ತನಕ ಅಂತ ಇತ್ತು. ಯಾವ ಕಡೆಗೆ ಅಂತ ಇರ್ಲಿಲ್ಲ. ನಾನೇ ಸಾಕ್ಷಿ." ಕಾರ್ಯದರ್ಶಿ ಕೈ ಎತ್ತಿಸಿ ಮತ ಹಾಕಿಸಿದರು. ಕುರ್ಚಿಯಿಂದ ಬಿದ್ದವರು ಸಹ ಭಾವನ ಪರವಾಗಿ ಕೈ ಎತ್ತಿದರು. ಅವರಿಗೆ ಬೇಗ ಮನೆಗೆ ಹೋಗಬೇಕಿತ್ತು.

ಸಂಜೆ ಆರೂವರೆಗೆ ರೂಮಿನಲ್ಲಿ ಭಾವನ ಹಾಸಿಗೆ ಬಿಚ್ಚಿಕೊಂಡಿತ್ತು. ಲಿಫ್ಟಪ್ಪನ ಅರ, ಸುತ್ತಿಗೆ, ಸ್ಪ್ಯಾನರುಗಳೆಲ್ಲ ಒಂದು ಬಕೆಟ್ಟಿನಲ್ಲಿ ಹಿಂದಿನ ಬಾಲ್ಕನಿ ಸೇರಿದ್ದವು. ಗಾಡಿ ಮಾತ್ರ ರೂಮಿನಲ್ಲೇ, ಕಂಬಳಿಯ ಮೇಲೆ, ಯಾಕೆಂದರೆ ಬೇರೆಲ್ಲೂ ಜಾಗವಿರಲಿಲ್ಲ. ಲಿಫ್ಟಪ್ಪ ಬಾಲ್ಕನಿಯಲ್ಲಿ, ಒಗೆದ ಬಟ್ಟೆಗಳ ನಡುವೆ, ತನ್ನ ಸ್ಟೂಲಿನ ಮೇಲೆ ಕೂತ. ದಣಿವು ಎಂದರೆ ಮೈಯ ದಣಿವಲ್ಲ. ಇನ್ನು ಮುಂದೆ ಸುಮ್ಮನೆ ಕೂರಲು ತನಗೆ ಜಾಗವಿಲ್ಲ ಎಂಬ ದಣಿವು.

ಬಟ್ಟೆ ತೆಗೆಯುವ ನೆಪದಲ್ಲಿ ಹೆಂಡತಿ ಬಂದು ಬಾಗಿಲು ಮುಂದೆಳೆದುಕೊಂಡಳು. ಬಕೆಟ್ಟನ್ನು ಬೋರಲು ಹಾಕಲು ಹೋಗಿ, ಅದರಲ್ಲಿ ಸಾಮಾನಿದೆ ಎಂದು ಕಂಡು, ಅದರ ಅಂಚಿನ ಮೇಲೇ ಕೂತಳು.

"ಅದ್ಹೆಂಗ್ರೀ ಓಡ್ತು ಅದು?" ಎಂದಳು ಪಿಸುದನಿಯಲ್ಲಿ.

"ಯಾಕೆ, ಓಡ್ಬಾರ್ದಿತ್ತಾ?"

"ಓಡೋ ಹಾಗೇ ಇರ್ಲಿಲ್ಲ. ನಾನೇ ಹಿಂದಿನ ಪೆಟ್ಟಿಗೆ ಬಿಚ್ಚಿ ಆ ಚಕ್ರ ಉಲ್ಟಾ ಕೂರಿಸಿದ್ನಲ್ಲ, ನಿಮ್ಮನ್ನ ಬ್ಯಾಟರಿಗೆ ಕಳಿಸಿ."

ಲಿಫ್ಟಪ್ಪ ತಿರುಗಿ ಅವಳನ್ನೇ ನೋಡಿದ. ಅವಳ ಹೆಬ್ಬೆರಳು ಇನ್ನೂ ಕಪ್ಪಗಿತ್ತು.

"ನೀನಾ? ಯಾಕೆ?"

"ಯಾಕೆ ಅಂದ್ರೆ? ಅವ್ನು ಬರ್ಬಾರ್ದು ಅಂತ!" ಅವಳ ಕಣ್ಣಲ್ಲಿ ನೀರು ತುಂಬಿತು. "ಚಿಕ್ಕೋಳಿದ್ದಾಗ ನಾನು ಊಟ ಮಾಡೋಕೂ ಟೈಮ್ ಹಿಡೀತಿದ್ದ. ಇಪ್ಪತ್ತೊಂದು ನಿಮಿಷ, ಇಪ್ಪತ್ತೆರಡು ನಿಮಿಷ ಅಂತ ಗೋಡೆ ಮೇಲೆ ಬರೀತಿದ್ದ. ಒಡಹುಟ್ಟಿದೋನಿಗೆ ಬರ್ಬೇಡ ಅನ್ನೋಕಾಗತ್ತಾ? ಅದಕ್ಕೇ ಗಾಡಿ ನೆಪ ಹೇಳಿದ್ದು. ಮೂರು ವರ್ಷ ಅಲ್ಲ, ಮೂವತ್ತು ವರ್ಷ ಕಟ್ತೀರ ಅಂದ್ಕೊಂಡಿದ್ದೆ. ಎಂಟು ತಿಂಗಳ ಹಿಂದೆ ಒಂದಿನ ನನ್ನ ಮಿಷನ್ ಸದ್ದಿನ ಮರೇಲಿ ಮೋಟಾರ್ ತಿರುಗಿಸಿದ್ರಲ್ಲ, ಅವತ್ತೇ ಮುಗೀತು ಅಂತ ಗೊತ್ತಾಯ್ತು. ನೀವು ಸುಮ್ನಿದ್ರಿ, ನಾನೂ ಸುಮ್ನಾದೆ. ನಂಗೂ ಆ ಎರಡು ಗಂಟೆ ಮನೆ ನಿಶ್ಶಬ್ದ ಇರ್ತಿತ್ತು."

ಲಿಫ್ಟಪ್ಪ ಸ್ಟೂಲನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ, "ಮುಂದಿನದನ್ನ ನಾನು ಉಲ್ಟಾ ಮಾಡಿದ್ದೆ" ಎಂದ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಂದು ಮಾತು ಬೆಳಿಗ್ಗೆ ಚಹಾ ಸೋಸುವಾಗ ಆಡಿದ್ದರೆ ಗಾಡಿ ನಿಂತಲ್ಲೇ ನಡುಗುತ್ತಿತ್ತು. ಹೆಂಡತಿಗೆ ಮೊದಲು ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದು ಮೈಯೆಲ್ಲ ಕುಲುಕಿ ನಕ್ಕಳು. ಬಕೆಟ್ಟಿನ ಸ್ಪ್ಯಾನರುಗಳು ಗಲಗಲ ಎಂದವು. ಲಿಫ್ಟಪ್ಪನಿಗೂ ನಗು ತಡೆಯಲಾಗಲಿಲ್ಲ. ಇಬ್ಬರೂ ಸೇರಿ ಒಂದು ಕೆಲಸ ಮಾಡಿ ಎಷ್ಟೋ ವರ್ಷವಾಗಿತ್ತು.

ಬಾಗಿಲು ತೆರೆಯಿತು. ಭಾವ ನಿಂತಿದ್ದ. ಒಂದು ಕೈಯಲ್ಲಿ ನೋಟ್‌ಬುಕ್ಕು, ಒಂದು ಕೈಯಲ್ಲಿ ಸ್ಟಾಪ್‌ವಾಚ್.

"ಹದಿನಾರು ನಿಮಿಷ ಆಯ್ತು. ಬಟ್ಟೆ ತೆಗೆಯೋಕೆ ಇಬ್ಬರು ಬೇಕಾ?" ಎಂದ. ಆಮೇಲೆ ದನಿಯಲ್ಲಿ ಸ್ವಲ್ಪ ದಾಕ್ಷಿಣ್ಯ ತಂದುಕೊಂಡು, "ನೋಡಿ ಲಿಫ್ಟಪ್ಪ, ನಿಮ್ಮ ಕೆಲ್ಸಕ್ಕೆ ನಾನು ಅಡ್ಡಿ ಆಗಲ್ಲ. ಗೇರು ಸರಿ ಮಾಡ್ಬೇಕಲ್ಲ? ದಿನಾ ಸಂಜೆ ಎರಡು ಗಂಟೆ ರೂಮಿಗೆ ಬನ್ನಿ. ನಾನು ಪಕ್ಕದಲ್ಲೇ ಕೂತು ಬರ್ಕೋತೀನಿ. ಒಂದು ಪೆಟ್ಟಿಗೆ ಬಿಚ್ಚಿ ಹಾಕೋಕೆ ಎಷ್ಟು ಹೊತ್ತು ಹಿಡಿಯತ್ತೆ?" ಎಂದ.

ಲಿಫ್ಟಪ್ಪ ಹೆಂಡತಿಯ ಕಡೆ ನೋಡಿದ. ಅವಳು ಒಣಗಿದ ಬಟ್ಟೆಯೊಂದನ್ನು ತೆಗೆದು ಮಡಚತೊಡಗಿದ್ದಳು.

"ಎಂಟು ತಿಂಗಳು" ಎಂದ ಅವನು.

ಭಾವ ಸ್ಟಾಪ್‌ವಾಚನ್ನು ಸೊನ್ನೆಗೆ ತಂದು, ಒತ್ತಿದ.